ಮುಟ್ಟು ನಿಲ್ಲುವ ಮೊದಲಿನ ಮಾತು

ಬಸುರಿನ ಲೆಕ್ಕ ಶುರುವಾಗುವುದು ಬಸುರಾದ ದಿನದಿಂದಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ವೈದ್ಯರು ವಾರಗಳನ್ನು ಎಣಿಸುತ್ತಾರೆ. ಹಾಗಾಗಿ ಆ ಲೆಕ್ಕದ ಮೊದಲ ಎರಡು ವಾರ ಗರ್ಭದಲ್ಲಿ ಏನೂ ಇರುವುದಿಲ್ಲ. ಇನ್ನೆರಡು ವಾರ ಕಳೆದು, ಬರಬೇಕಾಗಿದ್ದ ಮುಟ್ಟು ಬಾರದೆ ಹೋದಾಗ ಹೆಂಗಸಿಗೆ ಮೊದಲ ಅನುಮಾನ. ಅಲ್ಲಿಂದ ಮತ್ತೆರಡು ವಾರಕ್ಕೆ, ಅಂದರೆ ಗರ್ಭ ಕಟ್ಟಿ 28 ದಿನ ಆಗುವಷ್ಟರಲ್ಲಿ, ಮಗುವಿನ ಮೆದುಳು ಮತ್ತು ಬೆನ್ನುಹುರಿಯಾಗಿ ಬೆಳೆಯಬೇಕಾದ ನರನಾಳ ಎರಡೂ ತುದಿಗಳಲ್ಲಿ ಮುಚ್ಚಿಕೊಂಡಿರುತ್ತದೆ. ಹೃದಯ ಬಡಿಯಲು ತೊಡಗಿರುತ್ತದೆ. ಆ ನಾಳ ಮುಚ್ಚದೆ ಉಳಿದರೆ ಆಮೇಲೆ ನುಂಗುವ ಯಾವ ಮಾತ್ರೆಯೂ ಅದನ್ನು ಮುಚ್ಚಲಾರದು.

ನಮ್ಮ ಮನೆಗಳ ಕ್ಯಾಲೆಂಡರು ಬೇರೆ. ತಿಂಗಳು ತಪ್ಪಿದರೆ ‘ಇನ್ನೊಂದು ತಿಂಗಳು ನೋಡೋಣ’ ಎನ್ನುತ್ತಾರೆ. ಮೂರು ತುಂಬುವವರೆಗೆ ಯಾರಿಗೂ ಹೇಳಬೇಡ ಎಂದು ಅತ್ತೆಯೂ ಅಮ್ಮನೂ ಒಂದೇ ದನಿಯಲ್ಲಿ ಎಚ್ಚರಿಸುತ್ತಾರೆ. ಸರ್ಕಾರದ ಕ್ಯಾಲೆಂಡರೂ ಬಹಳ ಮೊದಲೇನೂ ತೆರೆದುಕೊಳ್ಳುವುದಿಲ್ಲ. ಆಶಾ ಕಾರ್ಯಕರ್ತೆ ಹೆಸರು ಬರೆದುಕೊಳ್ಳುವುದು, ತಾಯಿ ಕಾರ್ಡ್ ಕೈಗೆ ಬರುವುದು, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಆಗುವುದು ಎಲ್ಲವೂ ಬಸುರಿ ಎಂದು ಖಚಿತವಾದ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ 70ರಷ್ಟು ತಾಯಂದಿರು ಮೊದಲ ಮೂರು ತಿಂಗಳೊಳಗೆ ತಪಾಸಣೆಗೆ ಬಂದಿದ್ದರು. ಇದು ಸಣ್ಣ ಸಾಧನೆಯಲ್ಲ. ಆದರೆ ಮೂರನೆಯ ತಿಂಗಳ ಕೊನೆಗೆ ಬಂದವಳ ಮಗುವಿನ ನರನಾಳ, ಹೃದಯ, ತುಟಿ, ಅಂಗುಳ, ಕೈಕಾಲು ಎಲ್ಲವೂ ಒಳ್ಳೆಯದಕ್ಕೋ ಕೆಟ್ಟದ್ದಕ್ಕೋ ಆಕಾರ ಪಡೆದು ಮುಗಿದಿರುತ್ತವೆ.

ಆರೋಗ್ಯವಾಗಿರುವ ಹುಡುಗಿಗೆ ಈ ಅಂತರದಿಂದ ದೊಡ್ಡ ತೊಂದರೆ ಆಗದಿರಬಹುದು. ಆದರೆ ಫಿಟ್ಸ್‌ಗೆ, ಮಾನಸಿಕ ಕಾಯಿಲೆಗೆ, ಬಿ.ಪಿ.ಗೆ, ಸಂಧಿವಾತಕ್ಕೆ, ಹೃದಯದ ಕವಾಟಕ್ಕೆ ದಿನವೂ ಮಾತ್ರೆ ನುಂಗುವವಳ ಪಾಲಿಗೆ ಅಪಾಯ ಹೆಚ್ಚಾಗಿ ಇರುವುದು ಆ ಕೆಲವೇ ವಾರಗಳಲ್ಲಿ. ಅವಳ ಔಷಧದ ಬಗ್ಗೆ ತೀರ್ಮಾನ ಆಗಬೇಕಾದದ್ದು ಗರ್ಭ ನಿಲ್ಲುವುದಕ್ಕೆ ತಿಂಗಳುಗಟ್ಟಲೆ ಮೊದಲು. ಆ ತೀರ್ಮಾನಕ್ಕೆ ಬೇಕಾದ ತಿಳಿವಳಿಕೆ ವೈದ್ಯರ ತಲೆಯಲ್ಲಿದ್ದರೆ ಸಾಲದು, ಅವಳ ಕೈಗೆ, ಅವಳ ಭಾಷೆಯಲ್ಲಿ ಬರಬೇಕು. ಹಾಗೆ ಬಾರದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ವಾಲ್‌ಪ್ರೋಯೇಟ್ ಎಂಬ ಮಾತ್ರೆಯ ಕಥೆಗಿಂತ ಬೇರೆ ಸಾಕ್ಷಿ ಬೇಕಿಲ್ಲ.

ವಾಲ್‌ಪ್ರೋಯಿಕ್ ಆಮ್ಲವನ್ನು ರಸಾಯನ ವಿಜ್ಞಾನಿಗಳು ತಯಾರಿಸಿದ್ದು 1882ರಲ್ಲಿ. ಮುಂದೆ ಎಂಬತ್ತು ವರ್ಷ ಅದು ಬೇರೆ ವಸ್ತುಗಳನ್ನು ಕರಗಿಸಲು ಬಳಸುವ ದ್ರವವಾಗಿಯಷ್ಟೇ ಉಳಿದಿತ್ತು. 1960ರ ದಶಕದ ಆರಂಭದಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಪಿಯೆರ್ ಎಮಾರ್ ಎಂಬ ಸಂಶೋಧಕ ತನ್ನ ಹೊಸ ರಾಸಾಯನಿಕಗಳನ್ನು ಅದರಲ್ಲಿ ಕರಗಿಸಿ ಪ್ರಾಣಿಗಳ ಮೇಲೆ ಪರೀಕ್ಷಿಸುತ್ತಿದ್ದ. ಒಂದಕ್ಕೊಂದು ಸಂಬಂಧವಿಲ್ಲದ ವಸ್ತುಗಳೂ ಸೆಳವನ್ನು ತಡೆಯುತ್ತಿರುವುದು ಕಂಡಾಗ ಗುಟ್ಟು ಬಯಲಾಯಿತು. ಕೆಲಸ ಮಾಡುತ್ತಿದ್ದದ್ದು ಕರಗಿದ ವಸ್ತುವಲ್ಲ, ಕರಗಿಸಿದ ದ್ರವ. 1967ರಲ್ಲಿ ಫ್ರಾನ್ಸಿನ ಮಾರುಕಟ್ಟೆಗೆ ಬಂದ ಆ ಔಷಧ ಇವತ್ತಿಗೂ ಮೂರ್ಛೆರೋಗದ ಅತ್ಯಂತ ಪರಿಣಾಮಕಾರಿ ಮದ್ದುಗಳಲ್ಲಿ ಒಂದು. ಉನ್ಮಾದ, ಖಿನ್ನತೆಗಳ ನಡುವೆ ತೂಗಾಡುವ ಬೈಪೋಲಾರ್ ಕಾಯಿಲೆಗೂ ಅದನ್ನು ಬರೆಯುತ್ತಾರೆ, ಮೈಗ್ರೇನ್ ತಲೆನೋವಿಗೂ ಬರೆಯುತ್ತಾರೆ. ನಮ್ಮ ಔಷಧದ ಅಂಗಡಿಗಳಲ್ಲಿ ಅದು ವಾಲ್ಪಾರಿನ್, ಎನ್‌ಕೊರೇಟ್ ಮುಂತಾದ ಬ್ರ್ಯಾಂಡುಗಳಲ್ಲಿ ಸಿಗುತ್ತದೆ.

1982ರಲ್ಲಿ ಫ್ರಾನ್ಸಿನ ಲಿಯೋನ್ ನಗರದ ಎಲಿಜಬೆತ್ ರೋಬೆರ್ ಅಲ್ಲಿನ ಜನ್ಮದೋಷಗಳ ದಾಖಲೆಗಳಲ್ಲಿ ಒಂದು ಸಂಗತಿ ಗಮನಿಸಿದರು. ಬೆನ್ನುಹುರಿ ಮುಚ್ಚದೆ ಹುಟ್ಟಿದ ಮಕ್ಕಳ ತಾಯಂದಿರಲ್ಲಿ ವಾಲ್‌ಪ್ರೋಯೇಟ್ ತೆಗೆದುಕೊಂಡವರು ಲೆಕ್ಕಕ್ಕಿಂತ ಹೆಚ್ಚಿದ್ದರು. ಆ ವರದಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಅಂದಿನಿಂದ ವಿಷಯ ರಹಸ್ಯವಲ್ಲ. ಆಮೇಲಿನ ದಶಕಗಳಲ್ಲಿ ಹೃದಯದ ದೋಷ, ಸೀಳುತುಟಿ, ಕೈಬೆರಳುಗಳ ದೋಷಗಳೂ ಪಟ್ಟಿಗೆ ಸೇರಿದವು. ಹುಟ್ಟಿದಾಗ ಕಣ್ಣಿಗೆ ಕಾಣದ ತೊಂದರೆ ಇನ್ನೂ ನಿಧಾನವಾಗಿ ಹೊರಬಿತ್ತು. ಮಾತು ತಡವಾಗುವುದು, ಕಲಿಕೆ ಹಿಂದುಳಿಯುವುದು, ಆಟಿಸಂ. ಅಮೆರಿಕ ಮತ್ತು ಬ್ರಿಟನ್ನಿನ ಆಸ್ಪತ್ರೆಗಳು ಸೇರಿ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆರು ವರ್ಷ ತುಂಬಿದಾಗ ವಾಲ್‌ಪ್ರೋಯೇಟ್ ತಾಯಂದಿರ ಮಕ್ಕಳ ಸರಾಸರಿ ಬುದ್ಧಿಸೂಚ್ಯಂಕ 97 ಇತ್ತು. ಲ್ಯಾಮೊಟ್ರಿಜಿನ್ ಎಂಬ ಇನ್ನೊಂದು ಮೂರ್ಛೆ ಔಷಧ ತೆಗೆದುಕೊಂಡ ತಾಯಂದಿರ ಮಕ್ಕಳದು 108.

ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚು ನೋಯಿಸುವ ಕಾಗದ ಇರುವುದು ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರದಲ್ಲಿ. ಆ ದೇಶದಲ್ಲಿ ಈ ಔಷಧಕ್ಕೆ ಪರವಾನಗಿ ಕೊಡುವ ಹಂತದಲ್ಲಿ, 1973ರಲ್ಲಿ, ಔಷಧ ಸುರಕ್ಷತಾ ಸಮಿತಿಯ ಮುಂದೆ ಗರ್ಭದ ಅಪಾಯದ ಪ್ರಶ್ನೆ ಬಂದಿತ್ತು. ಪ್ರಾಣಿ ಪ್ರಯೋಗಗಳು ಸುಳಿವು ಕೊಟ್ಟಿದ್ದವು. ವೈದ್ಯರಿಗೆ ಎಚ್ಚರಿಕೆ ಕೊಡೋಣ, ಆದರೆ ಡಬ್ಬಿಯೊಳಗಿನ ಚೀಟಿಯಲ್ಲಿ ಅದು ಬೇಡ, ರೋಗಿಗಳ ಕಣ್ಣಿಗೆ ಬೀಳಬಾರದು ಎಂಬುದು ಆ ಕಡತದ ಸಾರ. ಹಲವು ದಶಕಗಳ ಮೇಲೆ ಆ ಕಡತವನ್ನು ಹುಡುಕಿ ಹೊರತೆಗೆಯಲು ಓಡಾಡಿದವರು ಇದೇ ಮಾತ್ರೆ ನುಂಗಿ ಮಕ್ಕಳನ್ನು ಹೆತ್ತ ತಾಯಂದಿರು. ಈ ವಿಷಯವನ್ನೂ ಪರಿಶೀಲಿಸಿದ ಬ್ಯಾರನೆಸ್ ಕಂಬರ್ಲೆಜ್ ನೇತೃತ್ವದ ಸಮಿತಿ 2020ರ ಜುಲೈನಲ್ಲಿ ಕೊಟ್ಟ ವರದಿ, ಹೆಂಗಸರ ಮಾತನ್ನು ಆರೋಗ್ಯ ವ್ಯವಸ್ಥೆ ವರ್ಷಗಟ್ಟಲೆ ಕಿವಿಗೆ ಹಾಕಿಕೊಳ್ಳಲಿಲ್ಲ ಎಂದು ನೇರವಾಗಿಯೇ ಹೇಳಿತು.

1973ರ ಆ ಔಷಧ ಸುರಕ್ಷತಾ ಸಮಿತಿಯಲ್ಲಿ ಇದ್ದವರು ದುಷ್ಟರೇನೂ ಆಗಿರಲಾರರು. ಹೆದರಿಕೆಯಿಂದ ಹೆಂಗಸು ಮಾತ್ರೆ ಬಿಟ್ಟರೆ ಫಿಟ್ಸ್ ಬಂದು ಸಾಯಬಹುದು, ಆದ್ದರಿಂದ ಹೇಳದಿರುವುದೇ ಲೇಸು ಎಂಬ ತರ್ಕ ಅಂದಿನ ವೈದ್ಯ ಪ್ರಪಂಚದಲ್ಲಿ ಸಾಮಾನ್ಯವಾಗಿತ್ತು. ಇಂದಿಗೂ ನಮ್ಮಲ್ಲಿ ಎಷ್ಟೋ ಒಳ್ಳೆಯ ವೈದ್ಯರು ಅದೇ ಕಾಳಜಿಯಿಂದ ಅದೇ ಮಾತು ಆಡುತ್ತಾರೆ. ಆ ಕಾಳಜಿ ನಿಜವಾದದ್ದು. ಅದರಿಂದ ಎಳೆದ ತೀರ್ಮಾನ ಮಾತ್ರ ತಪ್ಪು. ಹೇಳದೆ ಇದ್ದುದರ ಬೆಲೆ ಫ್ರಾನ್ಸಿನಲ್ಲಿ ಲೆಕ್ಕಕ್ಕೆ ಸಿಕ್ಕಿದೆ. 1967ರಿಂದ 2016ರ ನಡುವೆ ಈ ಔಷಧದಿಂದ ದೊಡ್ಡ ಅಂಗದೋಷಗಳೊಂದಿಗೆ ಹುಟ್ಟಿದ ಮಕ್ಕಳು 2,150ರಿಂದ 4,100 ಎಂದು ಅಲ್ಲಿನ ಆರೋಗ್ಯ ಸಂಸ್ಥೆಗಳು 2017ರಲ್ಲಿ ಅಂದಾಜು ಮಾಡಿದವು. ಅಲ್ಲಿ ಈ ವಿಷಯವನ್ನು ಬೀದಿಗೆ, ನ್ಯಾಯಾಲಯಕ್ಕೆ, ಸಂಸತ್ತಿಗೆ ಒಯ್ದವರು ಮರೀನ್ ಮಾರ್ತ್ಯಾಂ ಎಂಬ ತಾಯಿ. ಚಿಕ್ಕಂದಿನಿಂದ ಮೂರ್ಛೆರೋಗಕ್ಕೆ ಈ ಮಾತ್ರೆ ತೆಗೆದುಕೊಂಡಿದ್ದ ಅವರಿಗೆ ಇಬ್ಬರು ಮಕ್ಕಳಾದ ಮೇಲೆ, ಅದೂ ತಾವೇ ಹುಡುಕಿ ಓದಿದಾಗ, ಕಾರಣ ಗೊತ್ತಾಯಿತು. 2011ರಲ್ಲಿ ಅವರು ಸಂತ್ರಸ್ತ ಕುಟುಂಬಗಳ ಸಂಘ ಕಟ್ಟಿದರು.

ಹಾಗಾದರೆ ಹೇಳಿದರೆ ಏನಾಗುತ್ತದೆ? ಊಹೆ ಬೇಕಿಲ್ಲ, ಇದಕ್ಕೂ ಅಂಕಿ ಇದೆ.

1990ರ ದಶಕದ ಕೊನೆಯಲ್ಲಿ ಹಲವು ದೇಶಗಳ ನರರೋಗ ತಜ್ಞರು ಮೂರ್ಛೆರೋಗವಿರುವ ಬಸುರಿಯರ ದಾಖಲಾತಿ ಪುಸ್ತಕಗಳನ್ನು ತೆರೆದರು. ಬಸುರಿಯರ ಮೇಲೆ ಇಂಥ ಔಷಧಗಳ ಪ್ರಯೋಗ ಮಾಡುವಂತಿಲ್ಲ. ಆದರೆ ಹೇಗಿದ್ದರೂ ಔಷಧ ನುಂಗುತ್ತಿರುವವರನ್ನು ಮೊದಲಿನಿಂದ ಹೆರಿಗೆಯ ತನಕ, ಮಗು ಬೆಳೆಯುವ ತನಕ ಹಿಂಬಾಲಿಸಿ ಬರೆದಿಡಬಹುದು. ಬ್ರಿಟನ್ 1996ರಲ್ಲಿ, ಉತ್ತರ ಅಮೆರಿಕ 1997ರಲ್ಲಿ, ಹಲವು ದೇಶಗಳ ಜಂಟಿ ದಾಖಲಾತಿ ‘ಯುರಾಪ್’ 1999ರಲ್ಲಿ ಶುರುವಾದವು. ಇವುಗಳ ನಡುವೆ ನಮ್ಮ ನೆರೆಯ ರಾಜ್ಯವೂ ಇದೆ ಎಂಬುದನ್ನು ಹೆಮ್ಮೆಯಿಂದ ಹೇಳಬೇಕು. ತಿರುವನಂತಪುರದ ಶ್ರೀ ಚಿತ್ರ ತಿರುನಾಳ್ ಸಂಸ್ಥೆಯಲ್ಲಿ ಡಾ. ಸಂಜೀವ್ ಥಾಮಸ್ ನೇತೃತ್ವದಲ್ಲಿ ಕೇರಳದ ದಾಖಲಾತಿ 1998ರಲ್ಲೇ ಆರಂಭವಾಯಿತು. ನಮ್ಮ ದೇಶದ ಹೆಂಗಸರ, ನಮ್ಮ ಊಟದ, ನಮ್ಮಲ್ಲಿ ಬರೆಯುವ ಔಷಧಗಳ ಅನುಭವ ವರ್ಷಾನುವರ್ಷ ಅಲ್ಲಿ ಸೇರುತ್ತಾ ಬಂದಿದೆ. ಮದುವೆಗೆ ಮುಂಚೆಯೇ ಹೆಸರು ಬರೆಸಿ, ಗರ್ಭ ನಿಲ್ಲುವ ಮೊದಲೇ ಮಾತ್ರೆ ಬದಲಿಸುವ ಸಲಹೆ ಕೊಡುವ ಪದ್ಧತಿಯನ್ನು ಅದು ಬೆಳೆಸಿತು.

ಯುರಾಪ್ ದಾಖಲಾತಿಯ 7,355 ಗರ್ಭಗಳ ಲೆಕ್ಕ 2018ರಲ್ಲಿ ಪ್ರಕಟವಾಯಿತು. ವಾಲ್‌ಪ್ರೋಯೇಟ್ ಒಂದನ್ನೇ ತೆಗೆದುಕೊಂಡವರಲ್ಲಿ ಶೇ 10.3 ಮಕ್ಕಳಿಗೆ ದೊಡ್ಡ ಅಂಗದೋಷ. ನಮ್ಮಲ್ಲಿ ಬಹುಬಳಕೆಯ ಫಿನಿಟಾಯಿನ್‌ನಲ್ಲಿ, ಅಂದರೆ ಜನ ಎಪ್ಟಾಯಿನ್ ಎಂದು ಕೇಳಿ ಕೊಳ್ಳುವ ಮಾತ್ರೆಯಲ್ಲಿ, ಶೇ 6.4. ಲ್ಯಾಮೊಟ್ರಿಜಿನ್‌ನಲ್ಲಿ ಶೇ 2.9, ಲೆವೆಟಿರಾಸಿಟಾಮ್‌ನಲ್ಲಿ ಶೇ 2.8. ಕೊನೆಯ ಎರಡು ಅಂಕಿಗಳು ಯಾವ ಔಷಧವೂ ಇಲ್ಲದೆ ಹುಟ್ಟುವ ಮಕ್ಕಳಲ್ಲಿ ಕಾಣುವ ಪ್ರಮಾಣಕ್ಕೆ ಹತ್ತಿರದವು. ವಾಲ್‌ಪ್ರೋಯೇಟ್‌ನ ಒಳಗೂ ಡೋಸಿನ ಮೇಲೆ ಅಜಗಜಾಂತರ. ದಿನಕ್ಕೆ 650 ಮಿಲಿಗ್ರಾಂವರೆಗೆ ಶೇ 6.3, 1,450 ದಾಟಿದರೆ ಶೇ 25.

ಇದಕ್ಕಿಂತ ಮುಖ್ಯವಾದದ್ದು 2019ರಲ್ಲಿ ಬಂದ ಇನ್ನೊಂದು ಲೆಕ್ಕ. ಅದೇ ದಾಖಲಾತಿಯಲ್ಲಿ 2000ದ ಆಸುಪಾಸಿನ ವರ್ಷಗಳನ್ನೂ 2010ರ ನಂತರದ ವರ್ಷಗಳನ್ನೂ ಹೋಲಿಸಿ ನೋಡಿದರು. ಆ ಅವಧಿಯಲ್ಲಿ ವೈದ್ಯರು ವಾಲ್‌ಪ್ರೋಯೇಟ್ ಬರೆಯುವುದು ಬಹಳ ಕಡಿಮೆಯಾಗಿ, ಸುರಕ್ಷಿತ ಮಾತ್ರೆಗಳು ಅದರ ಜಾಗಕ್ಕೆ ಬಂದಿದ್ದವು. ಅಂಗದೋಷಗಳು ಶೇ 27ರಷ್ಟು ಕಡಿಮೆಯಾದವು. ಬಸುರಿಯರಿಗೆ ದೊಡ್ಡ ಫಿಟ್ಸ್ ಬರುವುದು ಹೆಚ್ಚಲಿಲ್ಲ. ಹೊಸ ಔಷಧವಾಗಲಿ, ಹೊಸ ಯಂತ್ರವಾಗಲಿ ಇದಕ್ಕೆ ಬೇಕಾಗಲಿಲ್ಲ. ಚೀಟಿಯ ಮೇಲೆ ಬರೆಯುವ ಹೆಸರು ಬದಲಾದದ್ದೇ ಸಾಕಾಯಿತು. ಹೇಳಿದರೆ ಹೆದರುತ್ತಾರೆ ಎಂಬ ವಾದಕ್ಕೆ ಇದಕ್ಕಿಂತ ಗಟ್ಟಿಯಾದ ಉತ್ತರ ಇಲ್ಲ.

ಆದರೆ ಆ ಬದಲಾವಣೆಗೆ ಸಮಯ ಬೇಕು. ಲ್ಯಾಮೊಟ್ರಿಜಿನ್ ಅನ್ನು ಒಮ್ಮೆಗೇ ಪೂರ್ತಿ ಡೋಸಿಗೆ ಏರಿಸಿದರೆ ಮೈಮೇಲೆ ಗುಳ್ಳೆಯೇಳಬಹುದು. ಕೆಲವರಲ್ಲಿ ಚರ್ಮ ಸುಲಿದು ಪ್ರಾಣಕ್ಕೇ ಕುತ್ತಾಗಬಹುದು. ಆದ್ದರಿಂದ ಅತಿ ಸಣ್ಣ ಪ್ರಮಾಣದಿಂದ ಶುರುಮಾಡಿ ವಾರಗಟ್ಟಲೆ ಮೇಲೇರಿಸಬೇಕು. ವಾಲ್‌ಪ್ರೋಯೇಟ್ ಜೊತೆಗಿದ್ದರೆ ಅದಕ್ಕಿಂತಲೂ ನಿಧಾನ. ಹೊಸದು ಹಿಡಿತಕ್ಕೆ ಬಂದ ಮೇಲೆ ಹಳೆಯದನ್ನು ಮೆಲ್ಲಗೆ ಇಳಿಸಬೇಕು, ಆಮೇಲೆ ಫಿಟ್ಸ್ ಬರುತ್ತಿಲ್ಲ ಎಂದು ಖಚಿತವಾಗುವವರೆಗೆ ಕಾಯಬೇಕು. ಇದೆಲ್ಲ ತಿಂಗಳುಗಳ ಕೆಲಸ. ಮನೆಯ ಬಚ್ಚಲಲ್ಲಿ ಪರೀಕ್ಷೆಯ ಪಟ್ಟಿಯ ಮೇಲೆ ಎರಡು ಗೆರೆ ಮೂಡಿದ ಬೆಳಿಗ್ಗೆ ಇದನ್ನು ಆರಂಭಿಸಲು ಬರುವುದಿಲ್ಲ. ಗರ್ಭ ನಿಂತ ಮೇಲೂ ಕೆಲಸ ಮುಗಿಯುವುದಿಲ್ಲ. ಬಸುರಿನಲ್ಲಿ ದೇಹ ಲ್ಯಾಮೊಟ್ರಿಜಿನ್ ಅನ್ನು ಬೇಗ ಹೊರಹಾಕುತ್ತದೆ, ಡೋಸು ಏರಿಸಬೇಕಾಗುತ್ತದೆ, ಹೆರಿಗೆಯಾದ ಮೇಲೆ ಇಳಿಸಬೇಕಾಗುತ್ತದೆ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಕೆಲವು ಬಗೆಯ ಮೂರ್ಛೆರೋಗಕ್ಕೆ ವಾಲ್‌ಪ್ರೋಯೇಟ್ ಬಿಟ್ಟರೆ ಬೇರೆ ಮಾತ್ರೆ ಹಿಡಿತ ಕೊಡುವುದಿಲ್ಲ. ಅಂಥವರು ಅದನ್ನು ಸಾಧ್ಯವಾದಷ್ಟು ಕಡಿಮೆ ಪ್ರಮಾಣದಲ್ಲಿ ಮುಂದುವರಿಸಬೇಕಾಗುತ್ತದೆ. ಮಗು ಬೇಡವೆನ್ನುವ ಹೆಣ್ಣುಮಗಳೂ ಇದ್ದಾಳೆ. ಅವಳನ್ನು ಬರೀ ಗರ್ಭಕೋಶ ಎಂಬಂತೆ ಕಂಡು, ಅವಳಿಗೆ ಒಗ್ಗುವ ಔಷಧವನ್ನು ಕಿತ್ತುಕೊಳ್ಳುವುದು ಅನ್ಯಾಯ. ವಿಷಯವನ್ನು ಮುಂದಿಟ್ಟು, ತೂಕ ಮಾಡಿ, ತೀರ್ಮಾನದಲ್ಲಿ ಅವಳನ್ನು ಸೇರಿಸಿಕೊಂಡರೆ ಅವಳು ವಾಲ್‌ಪ್ರೋಯೇಟ್ ಅನ್ನೇ ಆರಿಸಿಕೊಂಡರೂ ಅದು ಅವಳ ಆಯ್ಕೆ. ಹೇಳದೆ ಕೊಟ್ಟರೆ ಅದು ಆಯ್ಕೆಯಲ್ಲ.

ನಮ್ಮಲ್ಲಿ ಈ ಮಾತು ಆಗದಿರಲು ಸಮಯದ ಕೊರತೆಯೊಂದೇ ಕಾರಣವಲ್ಲ. ಮದುವೆಯ ಸುತ್ತ ಒಂದು ಮೌನ ಇದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮೂರ್ಛೆರೋಗವನ್ನು ಹುಚ್ಚಿನ ಜೊತೆಗೇ ಹೆಸರಿಸಲಾಗಿತ್ತು. ಅದು ಮದುವೆಯನ್ನು ರದ್ದುಪಡಿಸಲು ಸಾಕಾದ ಕಾರಣವಾಗಿತ್ತು. ಆ ಪದವನ್ನು ಕಾಯ್ದೆಯಿಂದ ತೆಗೆದದ್ದು 1999ರಲ್ಲಿ. ಕಾನೂನು ತಿದ್ದಿಕೊಂಡಷ್ಟು ಸುಲಭವಾಗಿ ಮನೆಗಳು ತಿದ್ದಿಕೊಳ್ಳಲಿಲ್ಲ. ‘ಫಿಟ್ಸ್ ಇದೆ ಅಂತ ಗೊತ್ತಾದರೆ ಯಾರು ಮಾಡಿಕೊಳ್ತಾರೆ?’ ಎಂದು ತವರಿನವರು ಮುಚ್ಚಿಡುತ್ತಾರೆ. ಗಂಡನ ಮನೆಗೆ ಹೋದ ಹುಡುಗಿ ಮಾತ್ರೆಯನ್ನು ಸೀರೆಗಳ ನಡುವೆ ಬಚ್ಚಿಡುತ್ತಾಳೆ. ಮುಗಿದಾಗ ತರಿಸಲು ಯಾರನ್ನು ಕೇಳುವುದು? ಕೆಲವರು ಮದುವೆಯ ದಿನದಿಂದಲೇ ಬಿಟ್ಟುಬಿಡುತ್ತಾರೆ. ವೈದ್ಯರ ಎದುರು ಪಕ್ಕದಲ್ಲಿ ಅತ್ತೆ ಕುಳಿತಿದ್ದರೆ ‘ಬೇರೆ ಯಾವ ಔಷಧ ತಗೋತೀಯಮ್ಮ?’ ಎಂಬ ಪ್ರಶ್ನೆಗೆ ‘ಏನಿಲ್ಲ ಡಾಕ್ಟ್ರೇ’ ಎಂಬ ಉತ್ತರವೇ ಬರುವುದು. ಆದ್ದರಿಂದ ಈ ಪ್ರಶ್ನೆಯನ್ನು ಅವಳೊಬ್ಬಳೇ ಇರುವಾಗ ಕೇಳುವುದು ವೈದ್ಯಕೀಯ ಶಿಷ್ಟಾಚಾರವೇ ಆಗಬೇಕು.

ದಿಢೀರನೆ ಮಾತ್ರೆ ಬಿಡುವ ಅಪಾಯವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ. ಹಲವು ವರ್ಷ ನಿಯಂತ್ರಣದಲ್ಲಿದ್ದ ಫಿಟ್ಸ್ ಮರಳಿ ಬಂದು, ಒಂದರ ಹಿಂದೊಂದು ನಿಲ್ಲದೆ ಹೊಡೆದರೆ ತಾಯಿ, ಮಗು ಇಬ್ಬರಿಗೂ ಜೀವಕ್ಕೆ ಅಪಾಯ. ಆಸ್ತಮಾ ಇರುವವಳು ‘ಮಗುವಿಗೆ ಕೆಟ್ಟದ್ದು’ ಎಂದು ಇನ್‌ಹೇಲರ್ ಬಿಟ್ಟರೆ, ಉಸಿರು ಸಿಕ್ಕದಿದ್ದಾಗ ಮಗುವಿಗೂ ಆಮ್ಲಜನಕ ಸಿಗುವುದಿಲ್ಲ. ಥೈರಾಯ್ಡ್ ಕಡಿಮೆ ಇರುವವಳು ಥೈರಾಕ್ಸಿನ್ ಬಿಡುವುದಿರಲಿ, ಗರ್ಭ ನಿಂತ ಕೂಡಲೇ ಡೋಸು ಏರಿಸಬೇಕಾಗಬಹುದು. ಮಾನಸಿಕ ಕಾಯಿಲೆಯ ಔಷಧವನ್ನು ಮನೆಯವರ ಮಾತಿಗೆ ನಿಲ್ಲಿಸಿ ಬಾಣಂತನದಲ್ಲಿ ಕುಸಿದು ಬಿದ್ದವರನ್ನು ಮಗುವಿನ ಸಮೇತ ಸೇರಿಸಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ದೇಶದಲ್ಲಿ ಅಂಥದ್ದು ಮೊದಲು ಶುರುವಾದದ್ದು ಅಲ್ಲೇ. ‘ಬಸುರಿ ಯಾವ ಮಾತ್ರೆಯನ್ನೂ ಮುಟ್ಟಬಾರದು’ ಎಂಬ ಹಿತವಚನ ಇವರೆಲ್ಲರಿಗೂ ವಿಷ.

ಈ ಹಿತವಚನದ ಬೇರು ಬಹುಶಃ ಥ್ಯಾಲಿಡೊಮೈಡ್ ದುರಂತದಲ್ಲಿದೆ. 1957ರಲ್ಲಿ ಜರ್ಮನಿಯಲ್ಲಿ ನಿದ್ರೆಗೆಂದು ಬಂದ ಆ ಮಾತ್ರೆಯನ್ನು ಬಸುರಿನ ವಾಕರಿಕೆಗೂ ಕೊಟ್ಟರು. 1961ರ ನವೆಂಬರಿನಲ್ಲಿ ಅದನ್ನು ಹಿಂತೆಗೆದುಕೊಳ್ಳುವ ಹೊತ್ತಿಗೆ ಜಗತ್ತಿನಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಮಕ್ಕಳು ಕೈಕಾಲು ಮೊಟಕಾಗಿ ಹುಟ್ಟಿದ್ದರು. ಅದರಿಂದ ಲೋಕ ಕಲಿತದ್ದು ಪಾಠದ ಅರ್ಧ ಮಾತ್ರ. ಅಮೆರಿಕದ ಔಷಧ ಇಲಾಖೆ 1977ರಲ್ಲಿ ಮಕ್ಕಳಾಗುವ ವಯಸ್ಸಿನ ಹೆಂಗಸರನ್ನೇ ಆರಂಭದ ಔಷಧ ಪರೀಕ್ಷೆಗಳಿಂದ ಹೊರಗಿಟ್ಟಿತು. ಆ ನಿಲುವು ಬದಲಾದದ್ದು 1993ರಲ್ಲಿ. ಅಲ್ಲಿಯವರೆಗೆ ಆ ಪರೀಕ್ಷೆಗಳಲ್ಲಿ ಅವರಿರಲಿಲ್ಲ, ಆದರೆ ಮಾರುಕಟ್ಟೆಗೆ ಬಂದ ಮೇಲೆ ಅದೇ ಔಷಧವನ್ನು ಅವರಿಗೂ ಬರೆಯುತ್ತಿದ್ದರು.

‘ಮೊದಲೇ’ ಎಂಬ ಪದದ ಅಳತೆ ಒಂದೊಂದು ಔಷಧಕ್ಕೂ ಬೇರೆ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಕ್ಯಾಪ್ಸೂಲ್ ಭ್ರೂಣಕ್ಕೆ ಮಾಡುವ ಹಾನಿ ಬಹಳ ಘೋರವಾದದ್ದು, ಆದರೆ ನಿಲ್ಲಿಸಿದ ಒಂದು ತಿಂಗಳಿಗೆ ಅದು ಮೈಯಿಂದ ಹೊರಹೋಗುತ್ತದೆ. ಸೋರಿಯಾಸಿಸ್‌ಗೆ ಕೊಡುವ ಅಸಿಟ್ರೆಟಿನ್ ಅದೇ ಕುಲದ್ದು. ಅದಕ್ಕೆ ಮೂರು ವರ್ಷ ಕಾಯಬೇಕು. ಹತ್ತೊಂಬತ್ತರ ಹುಡುಗಿಗೆ ಅದನ್ನು ಬರೆಯುವ ಚರ್ಮವೈದ್ಯರು ಅವಳ ಇಪ್ಪತ್ತೆರಡನೆಯ ವಯಸ್ಸಿನ ಬಗ್ಗೆ ಅಂದೇ ಮಾತಾಡಬೇಕು. ಸಂಧಿವಾತದ ಮೆಥೊಟ್ರೆಕ್ಸೇಟ್ ಅನ್ನೂ ಕೆಲವು ತಿಂಗಳು ಮುಂಚೆ ನಿಲ್ಲಿಸಬೇಕು. ಮೂವತ್ತರ ಆಚೆಗೆ ಮಗುವಿನ ಯೋಚನೆ ಮಾಡುವವರು ಹೆಚ್ಚುತ್ತಿರುವ ಈ ಕಾಲದಲ್ಲಿ ಬಿ.ಪಿ. ಮಾತ್ರೆ ತೆಗೆದುಕೊಳ್ಳುವ ಹೆಂಗಸರೂ ಹೆಚ್ಚುತ್ತಿದ್ದಾರೆ. ಟೆಲ್ಮಿಸಾರ್ಟನ್, ರಾಮಿಪ್ರಿಲ್‌ನಂಥವು ಬಸುರಿನ ನಾಲ್ಕನೆಯ ತಿಂಗಳಿಂದಾಚೆ ಮಗುವಿನ ಮೂತ್ರಪಿಂಡವನ್ನು ಕೆಡಿಸುತ್ತವೆ, ಸುತ್ತಲಿನ ನೀರನ್ನು ಬತ್ತಿಸುತ್ತವೆ. ಲ್ಯಾಬೆಟಲಾಲ್, ನಿಫೆಡಿಪಿನ್, ಮೀಥೈಲ್‌ಡೋಪಾ ಅವುಗಳ ಬದಲಿಗೆ ಇವೆ.

ಎಲ್ಲಕ್ಕಿಂತ ದೀರ್ಘದ ಲೆಕ್ಕ ಹೃದಯದ ಕವಾಟದ್ದು. ಬಾಲ್ಯದ ಗಂಟಲುನೋವು ರುಮ್ಯಾಟಿಕ್ ಜ್ವರವಾಗಿ ತಿರುಗಿ ಕವಾಟ ಹಾಳಾಗುವುದು ನಮ್ಮ ಬಡ ಮನೆಗಳ ಕಾಯಿಲೆ. ಹದಿಹರೆಯದಲ್ಲೇ ಕವಾಟ ಬದಲಿಸಿಕೊಂಡ ಹೆಣ್ಣುಮಕ್ಕಳು ನಮ್ಮ ನಡುವೆ ಇದ್ದಾರೆ. ಲೋಹದ ಕವಾಟ ಹಾಕಿದರೆ ಬಾಳಿಕೆ ಹೆಚ್ಚು, ಆದರೆ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಇಲ್ಲವೇ ಅಸಿಟ್ರೋಂ ಜೀವನಪರ್ಯಂತ ಬೇಕು. ಬಸುರಿನ 6ರಿಂದ 12ನೇ ವಾರದ ನಡುವೆ ಅದು ಮಗುವಿನ ಮೂಗು, ಮೂಳೆಗಳನ್ನು ಕೆಡಿಸಬಹುದು. ನಿಲ್ಲಿಸಿದರೆ ಕವಾಟದಲ್ಲೇ ರಕ್ತ ಹೆಪ್ಪುಗಟ್ಟಿ ತಾಯಿ ಸಾಯಬಹುದು. ಪ್ರಾಣಿಯ ಅಂಗಾಂಶದ ಕವಾಟಕ್ಕೆ ಆ ಮಾತ್ರೆಯ ಹಂಗು ಸಾಮಾನ್ಯವಾಗಿ ಜೀವನವಿಡೀ ಇರುವುದಿಲ್ಲ, ಆದರೆ ಅದು ಸವೆದು ಮುಂದೊಮ್ಮೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಬೇಕು. ಅಂದರೆ ಅವಳ ಬಸುರಿನ ಔಷಧ ತೀರ್ಮಾನವಾಗುವುದು ಮದುವೆಗೂ ಎಷ್ಟೋ ವರ್ಷ ಮೊದಲು, ಶಸ್ತ್ರಚಿಕಿತ್ಸೆಯ ಹಿಂದಿನ ದಿನ ಅಪ್ಪ ಸಹಿ ಹಾಕುವ ಕಾಗದದಲ್ಲಿ. ಆ ಹುಡುಗಿಯನ್ನು ಆ ಮಾತುಕತೆಯಲ್ಲಿ ಕೂರಿಸಿಕೊಳ್ಳುವುದು ಎಷ್ಟು ಕಡೆ ನಡೆಯುತ್ತದೆ?

ಮಗು ಬೇಕೆನ್ನುವವಳಿಗೆ ಬಿಡಬೇಕಾದ ಮಾತ್ರೆಗಳಿರುವಂತೆ ಸೇರಿಸಬೇಕಾದ ಮಾತ್ರೆಯೂ ಒಂದಿದೆ. ಅದು ಫೋಲಿಕ್ ಆಸಿಡ್. ಹಿಂದೆ ನರನಾಳ ದೋಷದ ಮಗುವನ್ನು ಹೆತ್ತಿದ್ದ 1,817 ಹೆಂಗಸರ ಮೇಲೆ ಏಳು ದೇಶಗಳಲ್ಲಿ ನಡೆದ ಪರೀಕ್ಷೆ 1991ರಲ್ಲಿ ಮುಗಿಯಿತು. ಗರ್ಭ ನಿಲ್ಲುವ ಮೊದಲಿನಿಂದ ದಿನಕ್ಕೆ 4 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ಮುಂದಿನ ಮಗುವಿಗೆ ಅದೇ ದೋಷ ಬರುವುದು ಶೇ 72ರಷ್ಟು ಇಳಿದಿತ್ತು. ಕರ್ನಾಟಕಕ್ಕೆ ಇದು ದೂರದ ಸುದ್ದಿಯಲ್ಲ. ದಾವಣಗೆರೆಯ ಮಕ್ಕಳ ವೈದ್ಯ ಡಾ. ಎಂ.ಎಲ್. ಕುಲಕರ್ಣಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಅಲ್ಲಿನ ಆಸ್ಪತ್ರೆ ಹೆರಿಗೆಗಳನ್ನು ಎಣಿಸಿ ನೋಡಿದಾಗ ಸಾವಿರಕ್ಕೆ 11.4 ಮಕ್ಕಳಿಗೆ ನರನಾಳದ ದೋಷ ಇತ್ತು. ಆಸ್ಪತ್ರೆಗೆ ಕಷ್ಟದ ಹೆರಿಗೆಗಳೇ ಹೆಚ್ಚು ಬರುವುದರಿಂದ ಅದು ಇಡೀ ಊರಿನ ಲೆಕ್ಕವಲ್ಲ. ಹಾಗಿದ್ದರೂ ‘ಲ್ಯಾನ್ಸೆಟ್’ 1987ರಲ್ಲಿ ಪ್ರಕಟಿಸಿದ ಆ ಅಂಕಿ ನಮ್ಮ ಆರೋಗ್ಯ ಇಲಾಖೆಯನ್ನು ಎಚ್ಚರಿಸಬೇಕಿತ್ತು.

ಎಲ್ಲ ಹೆಂಗಸರಿಗೂ ಬೇಕಾದದ್ದು ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ಗರ್ಭ ನಿಲ್ಲುವುದಕ್ಕೆ ಒಂದೆರಡು ತಿಂಗಳು ಮುಂಚಿನಿಂದ ಮೂರು ತಿಂಗಳು ತುಂಬುವವರೆಗೆ. ಹಿಂದಿನ ಮಗುವಿಗೆ ದೋಷವಿದ್ದವರಿಗೆ 4 ಅಥವಾ 5 ಮಿಲಿಗ್ರಾಂ. ರಕ್ತಹೀನತೆಯ ಕಾರ್ಯಕ್ರಮದಲ್ಲಿ ಕೊಡುವ ಕಬ್ಬಿಣದ ಮಾತ್ರೆಯಲ್ಲಿ ಫೋಲಿಕ್ ಆಸಿಡ್ 500 ಮೈಕ್ರೋಗ್ರಾಂ ಇದೆ, ಆದರೆ ಬಸುರಿಯಲ್ಲದವಳಿಗೆ ಅದು ವಾರಕ್ಕೊಂದು. ಪಡಿತರದ ಸಾರವರ್ಧಿತ ಅಕ್ಕಿಗೆ ಕಿಲೋಗೆ 75ರಿಂದ 125 ಮೈಕ್ರೋಗ್ರಾಂ ಸೇರಿಸುತ್ತಾರೆ. ದಿನಕ್ಕೆ 400 ಗ್ರಾಂ ಅಕ್ಕಿ ಉಂಡರೂ ಸಿಗುವುದು ಹೆಚ್ಚೆಂದರೆ 50. ಮಾತ್ರೆಯ ಕೆಲಸವನ್ನು ಅನ್ನ ಮಾಡಲಾರದು. ಇನ್ನೊಂದು ತಪ್ಪು ನಂಬಿಕೆಯನ್ನೂ ಇಲ್ಲೇ ತೆಗೆದುಹಾಕಬೇಕು. ವಾಲ್‌ಪ್ರೋಯೇಟ್‌ನ ಹಾನಿಯನ್ನು ಫೋಲಿಕ್ ಆಸಿಡ್ ಅಳಿಸಿಹಾಕುತ್ತದೆ ಎನ್ನಲು ಆಧಾರವಿಲ್ಲ.

ಗಿಡಮೂಲಿಕೆ, ಭಸ್ಮಗಳ ವಿಷಯದಲ್ಲೂ ಅಷ್ಟೇ ಎಚ್ಚರ ಬೇಕು. ‘ಇಂಗ್ಲಿಷ್ ಮದ್ದು ಬೇಡ’ ಎಂದು ಇವುಗಳತ್ತ ತಿರುಗುವವರು ಬಹಳ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2011-12ರಲ್ಲಿ ಭಾರತದಿಂದ ತರಿಸಿದ ಆಯುರ್ವೇದದ ಔಷಧ ಸೇವಿಸಿ ಸೀಸದ ವಿಷವೇರಿದ್ದ ಆರು ಬಸುರಿಯರನ್ನು ಗುರುತಿಸಿತು. ಸೀಸ ಮೂಳೆಯಲ್ಲಿ ವರ್ಷಗಟ್ಟಲೆ ಉಳಿದು, ಬಸುರಿನಲ್ಲಿ ಕ್ಯಾಲ್ಸಿಯಂ ಜೊತೆ ಮತ್ತೆ ರಕ್ತಕ್ಕಿಳಿಯುತ್ತದೆ.

ಯೋಜನೆ ಮಾಡಿ ಮಗು ಪಡೆಯಿರಿ ಎಂದು ಹೆಂಗಸಿಗೆ ಬೋಧಿಸುವುದು ಸುಲಭ. ಆದರೆ ಜಗತ್ತಿನ ಗರ್ಭಗಳಲ್ಲಿ ಅರ್ಧದಷ್ಟು ಯೋಜಿಸದೆ ಆಗುವಂಥವು ಎಂದು ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2022ರಲ್ಲಿ ಹೇಳಿದೆ. ಯಾವಾಗ ಮಗು ಎಂಬುದನ್ನು ನಮ್ಮ ಎಷ್ಟು ಮನೆಗಳಲ್ಲಿ ಸೊಸೆ ನಿರ್ಧರಿಸುತ್ತಾಳೆ? ಗರ್ಭನಿರೋಧಕ ಮಾತ್ರೆ ತೆಗೆದುಕೊಂಡವಳಿಗೂ ರಕ್ಷಣೆ ಇಲ್ಲದಿರಬಹುದು. ಫಿನಿಟಾಯಿನ್, ಕಾರ್ಬಮಜೆಪಿನ್ ಮಾತ್ರೆಗಳು ಯಕೃತ್ತಿನಲ್ಲಿ ಹಾರ್ಮೋನುಗಳನ್ನು ಬೇಗ ಒಡೆದುಹಾಕುವುದರಿಂದ ಮಾಲಾ-ಡಿ ಕೈಕೊಡುತ್ತದೆ. ಕಾಪರ್-ಟಿಗೆ ಆ ತೊಂದರೆ ಇಲ್ಲ. ಫಿಟ್ಸ್ ಮಾತ್ರೆ ಬರೆಯುವವರೂ ಮಾಲಾ-ಡಿ ಕೊಡುವವರೂ ಬೇರೆ ಬೇರೆ ಕಡೆ ಕೂತಿರುವಾಗ ಈ ಎರಡು ಮಾತ್ರೆಗಳು ಭೇಟಿಯಾಗುವುದು ಅವಳ ಹೊಟ್ಟೆಯಲ್ಲೇ.

ಹೀಗಿರುವಾಗ ಪ್ರಶ್ನೆ ಹುಟ್ಟಬೇಕಾದ ಜಾಗ ಔಷಧ ಬರೆಯುವ ಮೇಜು. ಮಗುವಾಗುವ ವಯಸ್ಸಿನ ಯಾರಿಗೇ ಆಗಲಿ ಇಂಥ ಮಾತ್ರೆ ಬರೆಯುವಾಗ ‘ಮುಂದೆ ಮಗುವಿನ ಯೋಚನೆ ಇದೆಯಾ?’ ಎಂದು ಕೇಳಿ, ಉತ್ತರವನ್ನು ಚೀಟಿಯ ಮೇಲೆ ಗುರುತು ಹಾಕುವುದಕ್ಕೆ ಅರ್ಧ ನಿಮಿಷ ಸಾಕು. ಜನದಟ್ಟಣೆಯ ಒ.ಪಿ.ಡಿ.ಯಲ್ಲಿ ವೈದ್ಯರಿಗೆ ಅಷ್ಟೂ ಸಿಗದಿದ್ದರೆ ನರ್ಸ್ ಕೇಳಬಹುದು. ಬ್ರಿಟನ್ನಿನಲ್ಲಿ ವಾಲ್‌ಪ್ರೋಯೇಟ್ ಡಬ್ಬಿಯ ಮೇಲೆ ಬಸುರಿಯ ಚಿತ್ರಕ್ಕೆ ಅಡ್ಡಗೆರೆ ಹಾಕಿದ ಗುರುತು ಇದೆ, ಪ್ರತಿ ಬಾರಿ ಕೊಳ್ಳುವಾಗಲೂ ಎಚ್ಚರಿಕೆಯ ಕಾರ್ಡ್ ಕೈಗೆ ಬರುತ್ತದೆ, ವರ್ಷಕ್ಕೊಮ್ಮೆ ತಜ್ಞರೊಂದಿಗೆ ಕೂತು ವಿಷಯ ತಿಳಿದಿದೆ ಎಂದು ಸಹಿ ಮಾಡಬೇಕು. ನಮ್ಮ ಅಂಗಡಿಯವರು ಹತ್ತು ಮಾತ್ರೆಯ ಪಟ್ಟಿಯನ್ನು ಕತ್ತರಿಸಿ ನಾಲ್ಕು ಕೊಟ್ಟರೆ ಅದರ ಮೇಲಿದ್ದ ಹೆಸರೂ ಅರ್ಧವಾಗುತ್ತದೆ. ಉಳಿದ ಅಕ್ಷರಗಳು ಇಂಗ್ಲಿಷಿನವು. ಚಿತ್ರ ಓದಲು ಭಾಷೆ ಬೇಕಿಲ್ಲ. ಒಂದು ಚಿತ್ರ, ಕನ್ನಡದಲ್ಲಿ ನಾಲ್ಕು ಸಾಲಿನ ಚೀಟಿ, ಜನೌಷಧಿ ಕೇಂದ್ರದಿಂದ ಹಿಡಿದು ಊರ ಮೆಡಿಕಲ್ ಶಾಪ್‌ವರೆಗೆ ಎಲ್ಲ ಕಡೆ ಸಿಗಬೇಕು. ಆಶಾ ಕಾರ್ಯಕರ್ತೆ ಹೊಸ ಸೊಸೆ ಬಂದ ಮನೆಗೆ ಮೊದಲ ಸಲ ಹೋದಾಗಲೇ ದಿನದ ಮಾತ್ರೆಗಳ ಬಗ್ಗೆ ಒಂಟಿಯಾಗಿ ವಿಚಾರಿಸುವಂತಾಗಬೇಕು. ಇದು ಹೊಸ ಕಟ್ಟಡ ಕೇಳುವ ಯೋಜನೆಯಲ್ಲ. ಕೇರಳ ಒಂದು ದಾಖಲಾತಿಯನ್ನು ಕಾಲು ಶತಮಾನಕ್ಕೂ ಮಿಗಿಲಾಗಿ ನಡೆಸಿಕೊಂಡು ಬಂದಿರುವಾಗ ಕರ್ನಾಟಕಕ್ಕೆ ಆಗದು ಎನ್ನಲು ಕಾರಣವಿಲ್ಲ.

ಅದೆಲ್ಲ ಆಗುವವರೆಗೆ ಓದುಗರಲ್ಲಿ ಒಂದು ವಿನಂತಿ. ದಿನವೂ ಯಾವುದಾದರೂ ಮಾತ್ರೆ ನುಂಗುವ ಹೆಣ್ಣುಮಗಳು ಮನೆಯಲ್ಲಿದ್ದರೆ, ಆ ಮಾತ್ರೆಯ ಪಟ್ಟಿಯನ್ನು ಇಡಿಯಾಗಿ ಅವಳ ಕೈಗೆ ಕೊಟ್ಟು, ಅದನ್ನು ಬರೆದ ವೈದ್ಯರ ಬಳಿಗೆ ಅವಳನ್ನು ಕಳಿಸಿ. ‘ಮುಂದೆ ನನಗೆ ಮಗು ಬೇಕು, ಈ ಮಾತ್ರೆ ಇದೇ ಇರಲೋ, ಬದಲಾಗಬೇಕೋ?’ ಎಂದು ಅವಳೇ ಕೇಳಲಿ. ಉತ್ತರ ಸಿಗುವವರೆಗೆ ಇಂದು ರಾತ್ರಿಯ ಮಾತ್ರೆಯನ್ನು ಮಾತ್ರ ತಪ್ಪಿಸದಿರಲಿ.